ಸಣ್ಣ ಭಾಷೆಗಳ ಜೊತೆ ನಿಲ್ಲುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ಮನೆಮಾತು ತುಳು. ಪಾಠ ಮಾಡಿದ್ದು ಕನ್ನಡ ಶಾಲೆಗಳಲ್ಲಿ, ಅದರಲ್ಲೂ ಹೆಚ್ಚಿನ ವರ್ಷ ಮೈಸೂರು ಜಿಲ್ಲೆಯ ಕಾಡಂಚಿನ ಹಾಡಿಗಳ, ಅಂದರೆ ಆದಿವಾಸಿಗಳ ಸಣ್ಣ ಊರುಗಳ ಹತ್ತಿರ. ನಿವೃತ್ತಿಯಾದ ಮೇಲೆ, ತಮ್ಮ ಭಾಷೆಗೆ ಏನಾದರೂ ಮಾಡಬೇಕು ಎನ್ನುವವರ ಜೊತೆ ಕೂತು ಹಾಡು, ಕಥೆ ದಾಖಲಿಸುವುದಕ್ಕೆ, ಮಕ್ಕಳ ಪುಸ್ತಕ ಮಾಡುವುದಕ್ಕೆ, ಅರ್ಜಿ ಬರೆಯುವುದಕ್ಕೆ ಕೈಜೋಡಿಸುತ್ತಿದ್ದೇನೆ. ಸಭೆ ಮುಗಿದ ಮೇಲೆ, ಪತ್ರಗಳಲ್ಲಿ, ಫೋನಿನಲ್ಲಿ ಜನ ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಇವೇ. ಕೇಳಿದವರ ಮಾತಿನಲ್ಲೇ ಪ್ರಶ್ನೆಗಳನ್ನು ಇಟ್ಟಿದ್ದೇನೆ.

## ಮೊದಲು ತಿಳಿಯಬೇಕಾದದ್ದು

"ಕರ್ನಾಟಕದಲ್ಲಿ ಕನ್ನಡ, ತುಳು, ಕೊಂಕಣಿ, ಕೊಡವ. ಇಷ್ಟೇ ಅಲ್ವಾ?"

ಇಷ್ಟೇ ಅಲ್ಲ. ಕರಾವಳಿಯ ಬ್ಯಾರಿಗಳದ್ದು ಬ್ಯಾರಿ ಭಾಷೆ, ಭಟ್ಕಳದ ನವಾಯತರದ್ದು ನವಾಯತಿ. ಸುಳ್ಯ, ಮಡಿಕೇರಿ ಕಡೆಯ ಗೌಡರು ಆಡುವುದು ಅರೆಭಾಷೆ. ಶಿವಮೊಗ್ಗದ ಮತ್ತೂರು, ಹೊಸಹಳ್ಳಿಗಳಲ್ಲಿ ಸಂಕೇತಿ ಇದೆ. ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರ ನುಡಿ, ಎಚ್.ಡಿ. ಕೋಟೆ, ಕೊಡಗಿನ ಕಡೆ ಜೇನುಕುರುಬ, ಬೆಟ್ಟಕುರುಬ, ಯರವರ ನುಡಿಗಳು, ದಕ್ಷಿಣ ಕನ್ನಡ ಮತ್ತು ಉಡುಪಿಯಲ್ಲಿ ಕೊರಗರ ಭಾಷೆ. ಉತ್ತರದಿಂದ ದಕ್ಷಿಣದವರೆಗೆ ತಾಂಡಾಗಳಲ್ಲಿ ಲಂಬಾಣಿ, ಹಕ್ಕಿಪಿಕ್ಕಿಗಳ ಮನೆಗಳಲ್ಲಿ ವಾಗ್ರಿ.

ಇವುಗಳಲ್ಲಿ ಹಲವು ನಮಗೆ ಕಾಣಿಸದೇ ಇರುವುದಕ್ಕೆ ಜನಗಣತಿಯೂ ಒಂದು ಕಾರಣ. 10,000ಕ್ಕಿಂತ ಕಡಿಮೆ ಜನ ಆಡುವ ಭಾಷೆಯ ಹೆಸರು ಗಣತಿಯ ಪ್ರಕಟಿತ ಪಟ್ಟಿಯಲ್ಲಿ ಬರುವುದಿಲ್ಲ, "ಇತರೆ" ಎಂಬ ಒಂದೇ ಸಾಲಿಗೆ ಸೇರುತ್ತದೆ. 2011ರ ಪಟ್ಟಿಯಲ್ಲಿ 121 ಭಾಷೆಗಳಿರುವುದು ಹೀಗೆ ಸೋಸಿದ ಮೇಲೆ. ದೊಡ್ಡ ಸಂಖ್ಯೆಯಿದ್ದರೂ ಮರೆಯಾಗುವುದುಂಟು. ಲಂಬಾಣಿ ತಮ್ಮ ತಾಯ್ನುಡಿ ಎಂದು ಬರೆಸಿದ 32,76,548 ಜನರನ್ನು ಅದೇ ಗಣತಿ ಹಿಂದಿಯ ಲೆಕ್ಕದೊಳಗೆ ಕೂಡಿಸಿದೆ. ನೀಲಗಿರಿಯ ಬಡಗ ಆಡುವ 1,33,550 ಜನ ನಮ್ಮ ಕನ್ನಡದ ಲೆಕ್ಕದಲ್ಲಿದ್ದಾರೆ. ಮೊದಲನೆಯದು ತಪ್ಪೆನಿಸಿದರೆ ಎರಡನೆಯದೂ ನಮ್ಮನ್ನು ಸ್ವಲ್ಪ ಚುಚ್ಚಬೇಕು.

"ಲಿಪಿ ಇಲ್ಲ, ಸಾಹಿತ್ಯ ಇಲ್ಲ. ಅದು ಕನ್ನಡದ ಉಪಭಾಷೆ ಅಷ್ಟೇ, ಅಲ್ಲವಾ?"

ಲಿಪಿಗೂ ಭಾಷೆಗೂ ಇರುವ ನಂಟು ನಾವಂದುಕೊಂಡಷ್ಟು ಬಿಗಿಯಲ್ಲ. ಹಿಂದಿ, ಮರಾಠಿ, ನೇಪಾಳಿ ಮೂರೂ ನಾಗರಿಯಲ್ಲೇ ಬರೆಸಿಕೊಳ್ಳುತ್ತವೆ, ಇಂಗ್ಲಿಷಿಗೆ ತನ್ನದೇ ಲಿಪಿ ಎಂಬುದಿಲ್ಲ. ಸಾಹಿತ್ಯ ಇಲ್ಲ ಎನ್ನುವವರು ನಾಟಿಗದ್ದೆಯಲ್ಲಿ ಒಂದು ಪಾಡ್ದನ, ಅಂದರೆ ತುಳುವಿನ ಹಾಡುಗಥೆ, ಪೂರ್ತಿ ಕೇಳಿರುವುದಿಲ್ಲ.

ಉಪಭಾಷೆ ಹೌದೋ ಅಲ್ಲವೋ ಎಂಬುದು ಭಾಷಾವಿಜ್ಞಾನಿಗಳು ಚರ್ಚಿಸಲಿ. ಸೋಲಿಗರ ನುಡಿ, ಅರೆಭಾಷೆ ಕನ್ನಡಕ್ಕೆ ಬಹಳ ಹತ್ತಿರ. ಕೊರಗ, ತುಳು, ಕೊಡವ ಸ್ಪಷ್ಟವಾಗಿ ಬೇರೆ. ತುಳುವಿನಲ್ಲಿ ಅಪ್ಪೆ ಅಂದರೆ ತಾಯಿ, ಅಮ್ಮೆ ಅಂದರೆ ತಂದೆ. ಕನ್ನಡದ ಕಿವಿಯಿಂದ ಕೇಳಿದರೆ ಅಪ್ಪ-ಅಮ್ಮಂದಿರೇ ಅದಲುಬದಲು. ಆದರೆ ಜೊತೆ ನಿಲ್ಲುವ ನಮ್ಮಂಥವರಿಗೆ ಈ ತೀರ್ಪು ಬೇಕಾಗಿಲ್ಲ. ಆಡುವವರು ಅದನ್ನು ಏನೆಂದು ಕರೆಯುತ್ತಾರೋ ಆ ಹೆಸರಿನಿಂದ ಕರೆಯಿರಿ. 2011ರಲ್ಲಿ ರಾಜ್ಯ ಸರ್ಕಾರ ಅರೆಭಾಷೆಗೆ ಪ್ರತ್ಯೇಕ ಅಕಾಡೆಮಿ ಕೊಟ್ಟಿತು. ಉಪಭಾಷೆಯ ವಾದ ಬಗೆಹರಿಯಲಿ ಎಂದು ಕಾಯುತ್ತಾ ಕೂರಲಿಲ್ಲ. ಅದು ಸರಿಯಾದ ದಾರಿ.

"ಕನ್ನಡಕ್ಕೇ ಆಪತ್ತು ಬಂದಿದೆ. ಇದರ ಮಧ್ಯೆ ಸಣ್ಣ ಭಾಷೆಗಳ ಚಿಂತೆ ಯಾಕೆ?"

ಕನ್ನಡವೂ ಒಂದು ಕಡೆ ಸಣ್ಣ ಭಾಷೆಯೇ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಹೋಯಿತು. ಅಂದಿನಿಂದ ಅಲ್ಲಿನ ಕನ್ನಡಿಗರು ಕೇಳುತ್ತಾ ಬಂದಿರುವುದು ಏನು? ಕನ್ನಡ ಮಾಧ್ಯಮದ ತರಗತಿಗೆ ಕನ್ನಡ ಬಲ್ಲ ಶಿಕ್ಷಕರನ್ನು ಕೊಡಿ, ಕಚೇರಿಯ ಅರ್ಜಿ ಕನ್ನಡದಲ್ಲೂ ಇರಲಿ, ನಮ್ಮ ಊರಿನ ಹೆಸರನ್ನು ನಾವು ಹೇಳುವ ಹಾಗೇ ಬರೆಯಿರಿ. ಈ ಬೇಡಿಕೆ ನ್ಯಾಯ ಎಂದು ನಮ್ಮಲ್ಲಿ ಯಾರಿಗೂ ವಿವರಿಸಬೇಕಾಗಿಲ್ಲ. ಹಾಡಿಯ ಮಗುವೂ ಕೇಳುವುದು ಇದನ್ನೇ.

ಇನ್ನೊಂದು ಮಾತು. ಸಣ್ಣ ಭಾಷೆ ಬಿಟ್ಟ ಮನೆ ಕನ್ನಡಕ್ಕೆ ಬಂದು ನಿಲ್ಲುತ್ತದೆ ಎಂಬ ಲೆಕ್ಕವೂ ಈಗ ನಡೆಯುವುದಿಲ್ಲ. ಪಟ್ಟಣಗಳಲ್ಲಿ ನಾನು ಕಂಡ ಮಟ್ಟಿಗೆ ತುಳು ಬಿಟ್ಟ ಮನೆ ಕನ್ನಡದಲ್ಲಿ ಒಂದು ತಲೆಮಾರು ಇದ್ದು ಇಂಗ್ಲಿಷಿಗೆ ದಾಟುತ್ತದೆ. ಮನೆಮಾತನ್ನು ಬಿಡುವ ಅಭ್ಯಾಸ ಒಮ್ಮೆ ಆದರೆ ಎರಡನೆಯ ಸಲ ಸಲೀಸು.

"ನಮ್ಮೂರಲ್ಲಿ ಎಲ್ಲರೂ ಮಾತಾಡ್ತಾರೆ. ಭಾಷೆಗೆ ಕಷ್ಟ ಬಂದಿದೆ ಅಂತ ಹೇಗೆ ಗೊತ್ತಾಗೋದು?"

ಮದುವೆ ಮನೆಗೆ ಹೋದಾಗ ಊಟದ ಪಂಕ್ತಿಯಲ್ಲಿ ಕಿವಿಗೊಡಿ. ಅಜ್ಜಂದಿರು ಅಜ್ಜಂದಿರ ಜೊತೆ ಯಾವ ಮಾತು, ಅಪ್ಪ ಅಮ್ಮ ತಮ್ಮತಮ್ಮೊಳಗೆ ಯಾವ ಮಾತು, ಅವರೇ ಮಗುವಿನ ಕಡೆ ತಿರುಗಿದಾಗ ಯಾವ ಮಾತು. ಕೊನೆಗೆ ಐದು ವರ್ಷದ ಎರಡು ಮಕ್ಕಳು ಐಸ್‌ಕ್ರೀಮಿಗೆ ಜಗಳವಾಡುವುದು ಯಾವ ಭಾಷೆಯಲ್ಲಿ ಎಂದು ನೋಡಿ. ಆ ಜಗಳ ಮನೆಮಾತಿನಲ್ಲಿ ನಡೆದರೆ ಭಾಷೆ ಗಟ್ಟಿಯಾಗಿದೆ. ಅಪ್ಪ ಅಮ್ಮ ಮಗುವಿನ ಕಡೆ ತಿರುಗುವಾಗ ಮಾತು ಬದಲಾಯಿಸಿದರೆ, ಊರಿನ ಎಲ್ಲಾ ದೊಡ್ಡವರೂ ಆಡುತ್ತಿದ್ದರೂ, ಆ ಭಾಷೆಗೆ ಉಳಿದಿರುವುದು ಆ ದೊಡ್ಡವರ ಆಯುಷ್ಯವಷ್ಟೇ.

ಯುನೆಸ್ಕೊ 2003ರಲ್ಲಿ ಭಾಷೆಯ ಜೀವಂತಿಕೆ ಅಳೆಯಲು ಒಂಬತ್ತು ಅಂಶಗಳನ್ನು ಗುರುತಿಸಿತು. ಅವುಗಳಲ್ಲಿ ಮೊದಲನೆಯದೇ ತಲೆಮಾರಿನಿಂದ ತಲೆಮಾರಿಗೆ ದಾಟುವುದು. ಆಡುವವರ ಸಂಖ್ಯೆಯೂ ಒಂದು ಅಂಶವೇ, ಆದರೆ ಅದೊಂದನ್ನೇ ನಂಬಬಾರದು. 2001ರ ಗಣತಿಯಲ್ಲಿ ಕೊಡವ ತಾಯ್ನುಡಿ ಎಂದವರು 1,66,187, 2011ರಲ್ಲಿ 1,13,857. ಅದೇ ಹತ್ತು ವರ್ಷದಲ್ಲಿ ತುಳುವಿನ ಸಂಖ್ಯೆ 17,22,768ರಿಂದ 18,46,427ಕ್ಕೆ ಏರಿತು. ಹಾಗಂತ ತುಳುವಿಗೆ ಭಯವಿಲ್ಲ ಎಂದಲ್ಲ. ಮಂಗಳೂರಿನ ಫ್ಲ್ಯಾಟುಗಳ ಮಕ್ಕಳಿಗೆ ನಾಟಕದ ತುಳು ನಗು ತರಿಸುತ್ತದೆ, ತಿರುಗಿ ಉತ್ತರ ಕೊಡಲು ಬರುವುದಿಲ್ಲ.

## ಮನೆ ಮತ್ತು ಶಾಲೆ

"ಬೆಂಗಳೂರಲ್ಲಿದ್ದೇವೆ. ಮನೇಲಿ ಕೊಡವ ತಕ್ಕ್ ಮಾತಾಡಿದ್ರೆ ಮಗು ಸ್ಕೂಲಲ್ಲಿ ಹಿಂದೆ ಬೀಳಲ್ವಾ?"

ಬೀಳುವುದಿಲ್ಲ. ಮೂರು ನಾಲ್ಕು ಭಾಷೆಯ ನಡುವೆ ಬೆಳೆಯುವುದು ಈ ದೇಶದ ಮಕ್ಕಳಿಗೆ ಹೊಸದಲ್ಲ. ಒಂದು ಭಾಷೆಯಲ್ಲಿ ಗಟ್ಟಿಯಾಗಿ ಯೋಚಿಸಲು, ಕಥೆ ಹೇಳಲು, ವಾದ ಮಾಡಲು ಕಲಿತ ಮಗು ಆ ಶಕ್ತಿಯನ್ನು ಮುಂದಿನ ಭಾಷೆಗೂ ಒಯ್ಯುತ್ತದೆ. ತೊಂದರೆ ಆಗುವುದು ಅಪ್ಪ ಅಮ್ಮ ತಮಗೇ ಸರಿಯಾಗಿ ಬಾರದ ಇಂಗ್ಲಿಷನ್ನು ಮಗುವಿನ ಜೊತೆ ಆಡತೊಡಗಿದಾಗ. "ಕಮ್, ಈಟ್, ಸ್ಲೀಪ್, ಡೋಂಟ್ ಟಚ್". ಮಗುವಿಗೆ ಸಿಗುವುದು ಇಪ್ಪತ್ತು ಆಜ್ಞೆಗಳು. ಅಜ್ಜಿಯ ಕಥೆ, ಅಪ್ಪನ ಬಾಲ್ಯ, ಅಮ್ಮನ ಸಿಟ್ಟು ಇವೆಲ್ಲ ಆ ಇಪ್ಪತ್ತು ಪದದಲ್ಲಿ ಹಿಡಿಸುವುದಿಲ್ಲ.

ಬೆಂಗಳೂರಿನಲ್ಲಿ ಮಗು ಕನ್ನಡ, ಇಂಗ್ಲಿಷ್, ಹಿಂದಿ ಮೂರನ್ನೂ ಬೀದಿಯಿಂದ, ಶಾಲೆಯಿಂದ ತಾನಾಗಿ ಎತ್ತಿಕೊಳ್ಳುತ್ತದೆ. ಕೊಡವ ತಕ್ಕ್ ಸಿಗುವುದು ನಿಮ್ಮಿಂದ ಮಾತ್ರ. ರಜೆಗೆ ಊರಿಗೆ ಕಳಿಸಿ, ಒಂದು ವಾರ ಸಾಲದು, ಒಂದು ತಿಂಗಳು. ಮಗು ಇಂಗ್ಲಿಷಿನಲ್ಲಿ ಉತ್ತರಿಸಿದರೆ ಬೈಯಬೇಡಿ, ನೀವು ನಿಮ್ಮ ಮಾತಿನಲ್ಲೇ ಮುಂದುವರಿಸಿ.

"ಗಂಡನದು ಕೊಂಕಣಿ, ನನ್ನದು ತುಳು. ಯಾವುದು ಕಲಿಸಲಿ?"

ಎರಡನ್ನೂ. ನೀವು ತುಳುವಿನಲ್ಲಿ, ಅವರು ಕೊಂಕಣಿಯಲ್ಲಿ ಮಾತಾಡಿಸಿ. ಕರಾವಳಿಯ ಮೀನು ಮಾರುಕಟ್ಟೆಯಲ್ಲಿ ಕೂತ ಅಕ್ಕಂದಿರು ನಾಲ್ಕು ಭಾಷೆಯಲ್ಲಿ ಚೌಕಾಸಿ ಮಾಡುತ್ತಾರೆ. ಅವರಿಗೆ ಯಾರೂ ಗೊಂದಲ ಆಗುತ್ತದೆ ಎಂದು ಹೇಳಿಕೊಟ್ಟಿರಲಿಲ್ಲ.

"ನಂಗೆ ಕೇಳಿದ್ರೆ ಅರ್ಥ ಆಗುತ್ತೆ, ಮಾತಾಡೋಕೆ ನಾಲಿಗೆ ಹೊರಳಲ್ಲ. ಈಗ ಕಲಿಯೋಕಾಗುತ್ತಾ?"

ಅರ್ಥವಾಗುತ್ತದೆ ಎಂದರೆ ಅರ್ಧ ದಾರಿ ಆಗಲೇ ಬಂದಿದ್ದೀರಿ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಆಡುವವರು ಬೆರಳೆಣಿಕೆಯಷ್ಟೇ ಉಳಿದಿದ್ದ ಆದಿವಾಸಿ ಭಾಷೆಗಳಿಗಾಗಿ 1990ರ ದಶಕದಲ್ಲಿ ಒಂದು ಕ್ರಮ ರೂಪಿಸಿದರು. ಭಾಷೆ ಬಲ್ಲ ಹಿರಿಯರೊಬ್ಬರು, ಕಲಿಯುವ ಕಿರಿಯರೊಬ್ಬರು, ಇಬ್ಬರೇ. ವಾರಕ್ಕೆ ಇಷ್ಟು ಗಂಟೆ ಎಂದು ಗೊತ್ತುಮಾಡಿಕೊಂಡು ಒಟ್ಟಿಗೆ ಅಡುಗೆ ಮಾಡುತ್ತಾರೆ, ತೋಟದಲ್ಲಿ ಕೆಲಸ ಮಾಡುತ್ತಾರೆ, ಬಟ್ಟೆ ಒಗೆಯುತ್ತಾರೆ. ಆ ಹೊತ್ತಿನಲ್ಲಿ ಇಂಗ್ಲಿಷ್ ಬಾಯಿಗೆ ಬರಕೂಡದು. ಪದ ಸಿಗದಿದ್ದರೆ ಕೈಸನ್ನೆ.

ನಮ್ಮಲ್ಲಿ ಇದಕ್ಕೆ ಯಾವ ಯೋಜನೆಯೂ ಬೇಡ. ಮೊದಲು ಎರಡು ವಾಕ್ಯ ಕಲಿತುಕೊಳ್ಳಿ: "ಇದೇನು?" ಮತ್ತು "ಇನ್ನೊಂದು ಸಲ ಹೇಳಿ". ತುಳುವಿನಲ್ಲಾದರೆ "ಉಂದು ದಾದ?" ಇದನ್ನು ಹಿಡಿದುಕೊಂಡು ದೊಡ್ಡಮ್ಮನ ಅಡುಗೆಮನೆಗೆ ನುಗ್ಗಿ. ಒಂದು ಅಡ್ಡಿಯನ್ನು ಮಾತ್ರ ಮುಂಚೆಯೇ ತೆಗೆದುಹಾಕಬೇಕು. ನಿಮ್ಮ ಉಚ್ಚಾರ ಕೇಳಿ ಮನೆಯವರು ನಗುತ್ತಾರೆ. ಪ್ರೀತಿಯಿಂದಲೇ ನಗುತ್ತಾರೆ, ಆದರೆ ಆ ನಗುವಿಗೆ ಹೆದರಿ ಬಾಯಿ ಮುಚ್ಚಿದವರನ್ನು ನಾನು ಬಹಳ ನೋಡಿದ್ದೇನೆ. ಮೊದಲ ದಿನವೇ ಹೇಳಿಬಿಡಿ: "ಮೂರು ತಿಂಗಳು ನಗಬೇಡಿ, ತಿದ್ದಿ."

"ನಾನು ಟೀಚರ್. ಕ್ಲಾಸಲ್ಲಿ ಅರ್ಧ ಮಕ್ಕಳು ಹಾಡಿಯವರು. ನನಗೆ ಅವರ ಮಾತು ಬರಲ್ಲ. ಏನು ಮಾಡಲಿ?"

ಈ ಪ್ರಶ್ನೆಗೆ ನನ್ನ ತಪ್ಪಿನಿಂದಲೇ ಶುರು ಮಾಡುತ್ತೇನೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದನೇ ತರಗತಿಯ ಹುಡುಗಿಯೊಬ್ಬಳಿಗೆ ದಿನಾ "ಸರಿಯಾಗಿ ಮಾತಾಡು" ಎನ್ನುತ್ತಿದ್ದೆ. ಅವಳು ಆಡುತ್ತಿದ್ದುದು ತಪ್ಪು ಕನ್ನಡ ಎಂದೇ ನನ್ನ ನಂಬಿಕೆ. ದಸರಾ ಹೊತ್ತಿಗೆ ಅವಳು ಮಾತಾಡುವುದನ್ನೇ ನಿಲ್ಲಿಸಿದಳು. ಸಂಕ್ರಾಂತಿ ಕಳೆದ ಮೇಲೆ ಅವಳ ಅಜ್ಜಿ ಶಾಲೆಗೆ ಬಂದು, "ಮನೇಲಿ ಇಡೀ ದಿನ ಹಾಡ್ತಾಳೆ ಮೇಷ್ಟ್ರೇ, ಇಲ್ಲಿ ಏನಾಯ್ತು ಇವಳಿಗೆ?" ಎಂದು ಕೇಳಿದರು. ಏನಾಯಿತು ಎಂದು ನನಗೆ ಗೊತ್ತಿತ್ತು. ಆ ವರ್ಷ ಅವಳ ಕಲಿಕೆ ಹಾಳಾದದ್ದು ನನ್ನಿಂದ.

ಆಮೇಲೆ ಕಲಿತದ್ದು ಇಷ್ಟು. ಮಗು ತನ್ನ ಮಾತಿನಲ್ಲಿ ಉತ್ತರ ಕೊಟ್ಟರೆ ಉತ್ತರ ಸರಿಯೇ ಎಂದು ಮೊದಲು ನೋಡಿ, ಆಮೇಲೆ ಅದನ್ನೇ ಕನ್ನಡದಲ್ಲಿ ನೀವು ಒಂದು ಸಲ ಹೇಳಿ. ತಿದ್ದಿದಂತೆ ಹೇಳಬಾರದು, ಒಪ್ಪಿದಂತೆ ಹೇಳಬೇಕು. ವಾರಕ್ಕೊಮ್ಮೆ ಮಕ್ಕಳಿಂದ ಹತ್ತು ಪದ ಕಲಿಯಿರಿ. ಎಲೆ, ಹುಳ, ಹಕ್ಕಿಗಳಿಂದ ಶುರು ಮಾಡಿದರೆ ಮಕ್ಕಳೇ ಗುರುಗಳಾಗುತ್ತಾರೆ, ನಿಮಗಿಂತ ಅವರಿಗೆ ಹೆಚ್ಚು ಗೊತ್ತಿರುವ ವಿಷಯ ಅದು. ಆ ಪದಗಳನ್ನು ಕನ್ನಡ ಅಕ್ಷರದಲ್ಲಿ ಗೋಡೆಗೆ ಬರೆಯಿರಿ. ಹಾಡಿಯ ಓದಿದ ಹುಡುಗನೋ ಹುಡುಗಿಯೋ ಇದ್ದರೆ ತಿಂಗಳಿಗೆ ಎರಡು ದಿನ ತರಗತಿಗೆ ಕರೆಯಿರಿ.

ಮೇಲಿನವರು ಕೇಳಿದರೆ ತೋರಿಸಲು ಸಂವಿಧಾನದ 350ಎ ವಿಧಿ ಇದೆ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸುವ ಅನುಕೂಲ ಒದಗಿಸಲು ಪ್ರತಿ ರಾಜ್ಯವೂ ಪ್ರಯತ್ನಿಸಬೇಕು ಎನ್ನುತ್ತದೆ ಅದು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಸಾಧ್ಯವಿರುವ ಕಡೆ ಕನಿಷ್ಠ ಐದನೇ ತರಗತಿವರೆಗೆ ಮನೆಮಾತು ಎಂದಿದೆ. ಒಡಿಶಾ 21 ಆದಿವಾಸಿ ಭಾಷೆಗಳಲ್ಲಿ ಮೊದಲ ತರಗತಿಗಳ ಪುಸ್ತಕ ಮಾಡಿ, ಅಲ್ಲಿಂದ ಮೆಲ್ಲಗೆ ಒಡಿಯಾಕ್ಕೆ ದಾಟಿಸುತ್ತದೆ. ನಮ್ಮ ರಾಜ್ಯದಲ್ಲಿ 2010ರಿಂದ ದಕ್ಷಿಣ ಕನ್ನಡ, ಉಡುಪಿಯ ಶಾಲೆಗಳಲ್ಲಿ ತುಳುವನ್ನು ಮೂರನೇ ಭಾಷೆಯಾಗಿ ಆರಿಸಿಕೊಳ್ಳಬಹುದು. ಆದರೆ ಅದು ಹೈಸ್ಕೂಲ್ ಹತ್ತಿರ ಬರುವ ಐಚ್ಛಿಕ ವಿಷಯ. ಒಂದನೇ ತರಗತಿಯಲ್ಲಿ ಬಾಯಿ ಕಟ್ಟಿದ ಮಗುವಿಗೆ ಅದರಿಂದ ಉಪಯೋಗವಿಲ್ಲ.

## ಕೈಜೋಡಿಸುವವರಿಗೆ

"ನಾನು ಆ ಸಮುದಾಯದವನಲ್ಲ. ಆದ್ರೂ ಸಹಾಯ ಮಾಡ್ಬೇಕು ಅನ್ಸುತ್ತೆ. ಎಲ್ಲಿಂದ ಶುರು ಮಾಡಲಿ?"

ಕೇಳುವುದರಿಂದ. "ನಿಮ್ಮ ಭಾಷೆ ಉಳಿಸಲು ಬಂದಿದ್ದೇವೆ" ಎಂದು ಹಾಡಿಗೆ ಜೀಪಿನಲ್ಲಿ ಇಳಿದವರನ್ನು ಅವರು ಬೇಕಾದಷ್ಟು ನೋಡಿದ್ದಾರೆ. ಚಹಾ ಕೊಟ್ಟು, ಹಾಡು ಹೇಳಿ, ಕಳಿಸುತ್ತಾರೆ. ಅಲ್ಲಿಗೆ ಮುಗಿಯಿತು.

ಆಗಲೇ ಅಲ್ಲಿ ಯಾರೋ ಏನೋ ಮಾಡುತ್ತಿರುತ್ತಾರೆ. ಅಂಗನವಾಡಿಯ ಅಕ್ಕ ಮಕ್ಕಳಿಗೆ ತಮ್ಮ ಹಾಡನ್ನು ಕಲಿಸುತ್ತಿರಬಹುದು, ಒಬ್ಬ ಹುಡುಗ ವಾಟ್ಸ್ಯಾಪಿನಲ್ಲಿ ತಮ್ಮ ಮಾತಿನಲ್ಲಿ ಗಾದೆ ಕಳಿಸುತ್ತಿರಬಹುದು. ಅವರನ್ನು ಹುಡುಕಿ, ಅವರಿಗೆ ಏನು ಬೇಕೆಂದು ಕೇಳಿ. ಬಹಳ ಸಲ ಉತ್ತರ ತೀರಾ ಸಣ್ಣದಿರುತ್ತದೆ: ಐವತ್ತು ಪ್ರತಿ ಮುದ್ರಿಸಲು ದುಡ್ಡು, ಬಸ್ ಚಾರ್ಜು, ಪಂಚಾಯಿತಿ ಕೋಣೆಯ ಬೀಗದ ಕೈ ಕೊಡಿಸುವ ಒಂದು ಮಾತು. ಅದನ್ನು ಮಾಡಿ. ಪುಸ್ತಕ ಬಂದರೆ ಮುಖಪುಟದಲ್ಲಿ ಅವರ ಹೆಸರಿರಲಿ, ಬಿಡುಗಡೆಯ ವೇದಿಕೆಯಲ್ಲಿ ಅವರೇ ಕೂರಲಿ.

ಜೊತೆಗೆ ನಿಮ್ಮದೇ ಜಾಗವನ್ನು ನೋಡಿ. ನೀವು ಬ್ಯಾಂಕಿನಲ್ಲಿದ್ದೀರಾ, ಆಸ್ಪತ್ರೆಯಲ್ಲಿದ್ದೀರಾ? ತನ್ನ ಮಾತಿನಲ್ಲಿ ನೋವು ಹೇಳಿಕೊಳ್ಳುವ ಅಜ್ಜಿಗೆ "ಕನ್ನಡದಲ್ಲಿ ಹೇಳಿ" ಎಂದು ರೇಗದಿದ್ದರೆ, ಅಲ್ಲೇ ಯಾರಾದರೂ ತಿಳಿಸಿ ಹೇಳುವವರನ್ನು ಕರೆದರೆ, ಅದು ನೂರು ಸಭೆಗಿಂತ ಹೆಚ್ಚಿನ ಕೆಲಸ.

"ಅಜ್ಜಿ ಹಾಡಿದ್ದನ್ನ ಮೊಬೈಲಲ್ಲಿ ರೆಕಾರ್ಡ್ ಮಾಡಿದೀನಿ. ಯೂಟ್ಯೂಬಿಗೆ ಹಾಕಲಾ?"

ಅಜ್ಜಿಯನ್ನು ಕೇಳಿದ್ದೀರಾ? ಹಾಡಲು ಒಪ್ಪುವುದು ಬೇರೆ, ಊರಿಗೆಲ್ಲ ಕೇಳಿಸಲು ಒಪ್ಪುವುದು ಬೇರೆ. ಕೆಲವು ಹಾಡು ಸಾವಿನ ಮನೆಯಲ್ಲಿ ಮಾತ್ರ, ಕೆಲವು ದೈವದ ಮುಂದೆ ಮಾತ್ರ. ಕೆಲವನ್ನು ಗಂಡಸರು ಕೇಳಬಾರದು. ಆದ್ದರಿಂದ ಅವರ ಭಾಷೆಯಲ್ಲೇ ಬಿಡಿಸಿ ಹೇಳಿ, ಅವರ ಒಪ್ಪಿಗೆಯನ್ನೂ ಅದೇ ರೆಕಾರ್ಡಿಂಗಿನ ಮೊದಲಲ್ಲಿ ಅವರ ಧ್ವನಿಯಲ್ಲೇ ಹಿಡಿದಿಡಿ. ಮನಸ್ಸು ಬದಲಾದರೆ ತೆಗೆಯುತ್ತೇವೆ ಎಂದು ಹೇಳಿ, ಹೇಳಿದಂತೆ ನಡೆದುಕೊಳ್ಳಿ.

ರೆಕಾರ್ಡ್ ಮಾಡುವಾಗ ಫ್ಯಾನು, ಟಿ.ವಿ. ಆರಿಸಿ. ಫೋನನ್ನು ಬಾಯಿಂದ ಒಂದು ಗೇಣು ದೂರದಲ್ಲಿ ಬಟ್ಟೆಯ ಮೇಲಿಡಿ. ಆಗುವುದಾದರೆ ವೇವ್ ಕಡತವಾಗಿ ಉಳಿಸಿ, ಎಂಪಿ3 ಮಾಡಿದರೆ ಧ್ವನಿಯ ಒಂದಷ್ಟು ವಿವರ ಶಾಶ್ವತವಾಗಿ ಹೋಗುತ್ತದೆ. ಯಾರು, ಯಾವ ಊರು, ಯಾವ ದಿನ, ಯಾವ ಸಂದರ್ಭದ ಹಾಡು ಎಂದು ಕೊನೆಯಲ್ಲಿ ನೀವೇ ಬಾಯಲ್ಲಿ ಹೇಳಿ ಸೇರಿಸಿ. ಚೀಟಿ ಕಳೆದುಹೋಗುತ್ತದೆ, ಧ್ವನಿಯೊಳಗಿನ ಮಾತು ಹೋಗುವುದಿಲ್ಲ. ಮೂರು ಪ್ರತಿ ಇರಲಿ, ಒಂದು ಆ ಮನೆಯಲ್ಲೇ.

ಇಷ್ಟಾದರೂ ದಾಖಲೆ ದಾಖಲೆಯೇ. ಅಂಡಮಾನಿನ ಅಕಾ-ಬೋ ಭಾಷೆಯನ್ನು ಆಡುವ ಕೊನೆಯವರಾಗಿದ್ದ ಬೋವಾ ಸೀನಿಯರ್ 2010ರ ಜನವರಿಯಲ್ಲಿ ತೀರಿಕೊಂಡರು. ಭಾಷಾವಿಜ್ಞಾನಿ ಅನ್ವಿತಾ ಅಬ್ಬಿಯವರು ಬೋವಾ ಅವರ ಮಾತು, ಹಾಡುಗಳನ್ನು ಹಿಡಿದಿಟ್ಟಿದ್ದರು, ಆ ಧ್ವನಿ ಇಂದಿಗೂ ಕೇಳಲು ಸಿಗುತ್ತದೆ. ಆದರೆ ಕೊನೆಯ ವರ್ಷಗಳಲ್ಲಿ ಆ ಅಜ್ಜಿಗೆ ತನ್ನ ಭಾಷೆಯಲ್ಲಿ ಮಾತಾಡಲು ಒಬ್ಬರೂ ಇರಲಿಲ್ಲ. ರೆಕಾರ್ಡ್ ಮಾಡಿದ ಹಾಡನ್ನು ಅದೇ ಮನೆಯ ಮೊಮ್ಮಗಳಿಗೆ ಕಲಿಸಲು ಒಂದು ದಾರಿ ಹುಡುಕಿ.

"ನಮ್ಮ ಭಾಷೆಗೆ ಬೇರೆ ಲಿಪಿ ಮಾಡ್ಬೇಕಾ, ಕನ್ನಡ ಲಿಪಿ ಸಾಕಾ?"

ಇದು ಸಮುದಾಯವೇ ತೀರ್ಮಾನಿಸಬೇಕಾದ ಸಂಗತಿ, ನನ್ನ ಅಭಿಪ್ರಾಯ ಒಂದು ಸಲಹೆ ಮಾತ್ರ.

ಕನ್ನಡ ಲಿಪಿಯ ಅನುಕೂಲ ದೊಡ್ಡದು. ಮಗು ಶಾಲೆಯಲ್ಲಿ ಕಲಿತ ಅಕ್ಷರದಿಂದಲೇ ಮನೆಮಾತನ್ನು ಓದಬಹುದು, ಫೋನಿನಲ್ಲಿ ಕೀಲಿಮಣೆ ಸಿದ್ಧವಿದೆ. ನಡಿಕೇರಿಯಂಡ ಚಿಣ್ಣಪ್ಪನವರು ಕೊಡವರ ಹಾಡು, ಪದ್ಧತಿಗಳನ್ನು ಸಂಗ್ರಹಿಸಿ 1924ರಲ್ಲಿ ಪ್ರಕಟಿಸಿದಾಗ ಬಳಸಿದ್ದು ಕನ್ನಡ ಲಿಪಿಯನ್ನೇ, ಆದ್ದರಿಂದಲೇ ನೂರು ವರ್ಷದಿಂದ ಜನ ಅದನ್ನು ಓದುತ್ತಿದ್ದಾರೆ.

ಅನನುಕೂಲವೂ ನಿಜ. ತುಳುವಿನಲ್ಲಿ "ಯಾನ್ ಬತ್ತೆ" ಅಂದರೆ ನಾನು ಬಂದೆ, "ಆಯೆ ಬತ್ತೆ" ಅಂದರೆ ಅವನು ಬಂದ. ಬರೆದಾಗ ಎರಡೂ "ಬತ್ತೆ" ಒಂದೇ. ಆಡುವಾಗ ಕೊನೆಯ ಎಕಾರ ಬೇರೆ, ನಾನು ಬಂದಾಗ ಬಾಯಿ ಹೆಚ್ಚು ತೆರೆಯುತ್ತದೆ. ಈ ತೆರೆದ ಎಕಾರಕ್ಕೆ ಕನ್ನಡದಲ್ಲಿ ಗುರುತಿಲ್ಲ. ಮನೆಗೆ ತುಳುವಿನಲ್ಲಿ "ಇಲ್ಲ್". ಕೊನೆಯಲ್ಲಿ ತುಟಿ ದುಂಡಾಗದ ಒಂದು ಸಣ್ಣ ಉಕಾರ ಉಂಟು. ಅದನ್ನು ಕೆಲವರು ಅರ್ಧಾಕ್ಷರದಲ್ಲಿ, ಕೆಲವರು ಕೊಂಬು ಕೊಟ್ಟು ಬರೆಯುತ್ತಾರೆ. ಕೊಡವ ತಕ್ಕಿಗೂ ಇಂಥ ಸ್ವರಗಳಿವೆ. ಇದಕ್ಕೆ ಇಡೀ ಹೊಸ ಲಿಪಿ ಬೇಕಾಗಿಲ್ಲ, ಒಂದೆರಡು ಚಿಹ್ನೆ ಒಪ್ಪಿಕೊಂಡರೆ ಸಾಕು. ಒಪ್ಪಿಕೊಳ್ಳುವುದೇ ಕಷ್ಟ, ಅದು ಬೇರೆ ಮಾತು.

ಹೊಸ ಲಿಪಿಯಿಂದ ಗೆದ್ದವರೂ ಇದ್ದಾರೆ. ರಘುನಾಥ ಮುರ್ಮು 1925ರಲ್ಲಿ ಆದಿವಾಸಿ ಭಾಷೆ ಸಂತಾಲಿಗಾಗಿ ಓಲ್ ಚಿಕಿ ಲಿಪಿ ರೂಪಿಸಿದರು. ನಾಲ್ಕೈದು ರಾಜ್ಯಗಳಲ್ಲಿ, ಅಲ್ಲಲ್ಲಿನ ಲಿಪಿಗಳಲ್ಲಿ ಹಂಚಿಹೋಗಿದ್ದ ಸಂತಾಲರಿಗೆ ಅದು ಒಂದು ಗುರುತು ಕೊಟ್ಟಿತು. ಕೊಂಕಣಿಯ ಕಥೆ ಇದಕ್ಕೆ ತಿರುಗುಮುರುಗು: ನಾಗರಿ, ರೋಮನ್, ಕನ್ನಡ, ಮಲಯಾಳಂ, ಅರಬ್ಬಿ ಹೀಗೆ ಐದು ಲಿಪಿ, ಮಂಗಳೂರಿನಲ್ಲಿ ಬಂದ ಪುಸ್ತಕವನ್ನು ಗೋವಾದವರು ಓದಲಾರರು. ತುಳುವಿನ ಹಳೆಯ ಲಿಪಿ ತಿಗಳಾರಿಗೆ 2024ರ ಸೆಪ್ಟೆಂಬರಿನಲ್ಲಿ ಕಂಪ್ಯೂಟರುಗಳ ಅಕ್ಷರಪಟ್ಟಿ ಯುನಿಕೋಡಿನಲ್ಲಿ ಜಾಗ ಸಿಕ್ಕಿತು. ಸಂತೋಷದ ವಿಷಯ, ಹಳೆಯ ತಾಳೆಗರಿ ಓದಲು ಅದು ಬೇಕು. ಆದರೆ ಮಗುವಿಗೆ ನಾಳೆ ಬೆಳಿಗ್ಗೆ ಓದಲು ಕೊಡುವ ತುಳು ಕಥೆಯನ್ನು ನಾನು ಕನ್ನಡ ಲಿಪಿಯಲ್ಲೇ ಬರೆಯುತ್ತೇನೆ.

"ನಾವೇ ನಿಘಂಟು ಮಾಡೋಣ ಅಂತಿದ್ದೇವೆ. ಹೇಗೆ?"

ಮೊದಲೇ ತಿಳಿದಿರಲಿ, ನಿಘಂಟು ವರ್ಷಗಳನ್ನೇ ನುಂಗುವ ಕೆಲಸ. ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರದ ತುಳು ನಿಘಂಟು ಆರು ಸಂಪುಟ, ಮೊದಲನೆಯದು 1988ರಲ್ಲಿ, ಕೊನೆಯದು 1997ರಲ್ಲಿ ಬಂತು, ಅದೂ ವಿದ್ವಾಂಸರ ತಂಡ ಕೂತು ಮಾಡಿದ್ದು. ನೀವು ಮುನ್ನೂರು ಪದದ ಚಿತ್ರಪುಸ್ತಕದಿಂದ ಆರಂಭಿಸಿ.

ಮೇಜಿನ ಮುಂದೆ ಕೂತು "ಕೈಗೆ ಏನಂತೀರಿ, ಕಾಲಿಗೆ ಏನಂತೀರಿ" ಎಂದು ಪಟ್ಟಿ ಓದಬೇಡಿ. ನಡೆಯುತ್ತಾ ಕೇಳಿ. ಕಾಡಿನಲ್ಲಿ ಕಾಡಿನ ಪದ, ಒಲೆಯ ಮುಂದೆ ಒಲೆಯ ಪದ ಬರುತ್ತವೆ. ಅರ್ಥದ ಜೊತೆ ಕಥೆಯನ್ನೂ ಬರೆದುಕೊಳ್ಳಿ. ಸೋಲಿಗರ "ತರಗು ಬೆಂಕಿ" ಎಂಬ ಮಾತನ್ನೇ ನೋಡಿ. ತರಗು ನಮಗೂ ಗೊತ್ತು, ಬೆಂಕಿ ನಮಗೂ ಗೊತ್ತು, ನಿಘಂಟಿನಲ್ಲಿ "ಒಣಗಿದ ಎಲೆಯ ಬೆಂಕಿ" ಎಂದು ಬರೆದು ಮುಂದೆ ಹೋಗಬಹುದು. ಅವರಿಗೆ ಅದು ಬೇಸಿಗೆ ಏರುವ ಮುಂಚೆ ನೆಲದ ತರಗೆಲೆಗಷ್ಟೇ ಹಚ್ಚಿ ಆರಿಸುವ ತೆಳ್ಳನೆಯ ಬೆಂಕಿ, ಕಾಡನ್ನು ನೋಡಿಕೊಳ್ಳುವ ಒಂದು ಕ್ರಮ. ಬಿಳಿಗಿರಿ ಬೆಟ್ಟ 1970ರ ದಶಕದಲ್ಲಿ ಅಭಯಾರಣ್ಯವಾದ ಮೇಲೆ ಅದು ನಿಂತಿತು. ಆಮೇಲೆಯೇ ಲಂಟಾನ ಎಂಬ ಕಳೆ ಕಾಡನ್ನು ಮುಚ್ಚಿತು ಎಂದು ಸೋಲಿಗ ಹಿರಿಯರು ಹೇಳುತ್ತಾರೆ. ಈ ಕಥೆ ಇಲ್ಲದೆ ಆ ಪದಕ್ಕೆ ಅರ್ಥ ಬರೆದಂತಾಗುವುದಿಲ್ಲ.

## ಕಾನೂನು, ಲೆಕ್ಕ, ಯಂತ್ರ

"ಜನಗಣತಿಯವರು ಬಂದಾಗ ತಾಯ್ನುಡಿ ಏನಂತ ಬರೆಸ್ಬೇಕು? ಕನ್ನಡ ಅಂದ್ರೆ ಸುಲಭ ಅಲ್ವಾ?"

ಗಣತಿಯಲ್ಲಿ ತಾಯ್ನುಡಿ ಎಂದರೆ ನಿಮ್ಮ ಬಾಲ್ಯದಲ್ಲಿ ನಿಮ್ಮ ತಾಯಿ ನಿಮ್ಮ ಜೊತೆ ಆಡಿದ ಭಾಷೆ. ತಾಯಿ ನಿಮ್ಮ ಎಳವೆಯಲ್ಲೇ ತೀರಿಕೊಂಡಿದ್ದರೆ ಆಗ ಮನೆಯಲ್ಲಿ ಮುಖ್ಯವಾಗಿ ಆಡುತ್ತಿದ್ದ ಭಾಷೆ. ನಿಮಗೆ ಈಗ ಚೆನ್ನಾಗಿ ಬರುವ ಭಾಷೆ ಯಾವುದು, ಓದಿದ್ದು ಯಾವುದರಲ್ಲಿ ಎಂಬುದು ಇಲ್ಲಿ ಲೆಕ್ಕಕ್ಕಿಲ್ಲ. ನೀವು ಹೇಳಿದ ಹೆಸರನ್ನು ಹೇಳಿದಂತೆಯೇ ಬರೆದುಕೊಳ್ಳುವುದು ಗಣತಿದಾರರ ಕರ್ತವ್ಯ. ಬೇರೆ ಎರಡು ಭಾಷೆಗಳನ್ನೂ ಬರೆಸಬಹುದು, ಕನ್ನಡವನ್ನು ಅಲ್ಲಿ ಹೇಳಿ.

2021ರಲ್ಲಿ ಆಗಬೇಕಿದ್ದ ಗಣತಿ ಮುಂದಕ್ಕೆ ಹೋಗಿ, 2027ರ ಮಾರ್ಚ್ 1 ಅದರ ಎಣಿಕೆಯ ದಿನಾಂಕ ಎಂದು ಗೊತ್ತಾಗಿದೆ. ಊರಿನವರೆಲ್ಲ ಒಂದೇ ಹೆಸರು ಹೇಳುವಂತೆ ಮುಂಚೆಯೇ ಮಾತಾಡಿಕೊಳ್ಳಿ. ಒಂದೇ ಭಾಷೆಯನ್ನು ನಾಲ್ಕು ಮನೆಯವರು ನಾಲ್ಕು ಹೆಸರಿನಿಂದ ಬರೆಸಿದರೆ ಯಾವುದೂ 10,000 ದಾಟುವುದಿಲ್ಲ.

"ಎಂಟನೇ ಪರಿಚ್ಛೇದಕ್ಕೆ ಸೇರಿದ್ರೆ ಎಲ್ಲ ಸರಿಹೋಗುತ್ತಾ?"

ಎಂಟನೇ ಪರಿಚ್ಛೇದ ಎಂದರೆ ಸಂವಿಧಾನ ಹೆಸರಿಸಿ ಮಾನ್ಯತೆ ಕೊಟ್ಟ ಭಾಷೆಗಳ ಪಟ್ಟಿ. ಸೇರಬೇಕು ಎಂಬ ಬೇಡಿಕೆಗೆ ನನ್ನ ಬೆಂಬಲ ಇದೆ. 18 ಲಕ್ಷ ಜನರ ತುಳು ಹೊರಗಿರುವುದಕ್ಕೆ ಭಾಷೆಯ ಕಾರಣ ಯಾವುದೂ ಇಲ್ಲ. 1950ರಲ್ಲಿ 14 ಭಾಷೆ ಇದ್ದ ಪಟ್ಟಿ ಈಗ 22 ಆಗಿದೆ. ಸೇರಿದರೆ ಗೌರವ ಸಿಗುತ್ತದೆ, ಕೇಂದ್ರ ಲೋಕಸೇವಾ ಆಯೋಗದ ಪರೀಕ್ಷೆಯಲ್ಲಿ ಜಾಗ ಸಿಗುತ್ತದೆ, ಅನುದಾನ ಕೇಳಲು ಬಲ ಬರುತ್ತದೆ.

ಆದರೆ ಸಿಂಧಿ 1967ರಿಂದಲೂ ಪಟ್ಟಿಯಲ್ಲಿದೆ. ಇಂದು ಮುಂಬಯಿಯ ಸಿಂಧಿ ಮನೆಗಳಲ್ಲಿ ಮಕ್ಕಳ ಜೊತೆ ಸಿಂಧಿ ಆಡುವವರನ್ನು ಹುಡುಕಬೇಕು. ನ್ಯೂಜಿಲೆಂಡಿನ ಮಾವೊರಿಗಳು ನಡೆದದ್ದು ಬೇರೆ ಕ್ರಮದಲ್ಲಿ. 1982ರಲ್ಲಿ ಅವರು ಅಜ್ಜಿಯರನ್ನೂ ಹಾಲುಗಲ್ಲದ ಮಕ್ಕಳನ್ನೂ ಒಂದೇ ಕೋಣೆಯಲ್ಲಿ ಕೂರಿಸಿ "ಭಾಷಾ ಗೂಡು" ಶುರು ಮಾಡಿದರು, ಅಲ್ಲಿ ಮಾವೊರಿ ಬಿಟ್ಟು ಬೇರೆ ಮಾತಿಲ್ಲ. ಕೆಲವೇ ವರ್ಷದಲ್ಲಿ ನೂರಾರು ಗೂಡುಗಳಾದವು. ಅಧಿಕೃತ ಭಾಷೆಯ ಕಾನೂನು ಬಂದದ್ದು ಆಮೇಲೆ, 1987ರಲ್ಲಿ. ನಮ್ಮ ಅಕಾಡೆಮಿಗಳ ವಾರ್ಷಿಕ ಖರ್ಚಿನಲ್ಲಿ ಶಾಲು-ಹಾರದ ಪಾಲನ್ನು ತೆಗೆದು ಒಂದು ಅಂಗನವಾಡಿಗೆ ಇಬ್ಬರು ಅಜ್ಜಿಯರ ಸಂಬಳ ಕೊಟ್ಟರೆ ಹೇಗಿರುತ್ತದೆ ಎಂದು ನಾನು ಪ್ರತಿ ಸಭೆಯಲ್ಲೂ ಕೇಳುತ್ತೇನೆ. ಇನ್ನೂ ಕೇಳುತ್ತಿರುತ್ತೇನೆ.

"ಈಗ ಗೂಗಲ್ಲಲ್ಲೇ ತುಳು ಅನುವಾದ ಬಂದಿದೆ. ಇನ್ನು ಭಾಷೆಗೆ ಭಯ ಇಲ್ಲ ಅಲ್ವಾ?"

2024ರ ಜೂನಿನಲ್ಲಿ ಗೂಗಲ್ ಅನುವಾದಕ್ಕೆ ತುಳು ಸೇರಿತು, ತುಳು ವಿಕಿಪೀಡಿಯ 2016ರಿಂದಲೇ ಇದೆ. ಇವೆರಡರ ಹಿಂದೆ ವರ್ಷಗಟ್ಟಲೆ ಬರೆದವರ ಶ್ರಮ ಇದೆ. ತನ್ನ ಭಾಷೆ ಪರದೆಯ ಮೇಲೆ ಕಂಡಾಗ ಹದಿನಾರರ ಹುಡುಗನಿಗೆ ಆಗುವ ಹೆಮ್ಮೆಯನ್ನು ನಾನು ಕಣ್ಣಾರೆ ನೋಡಿದ್ದೇನೆ.

ಯಂತ್ರ ಕಲಿಯುವುದು ಜನ ಬರೆದದ್ದರಿಂದ. ಬರಹವೇ ಇಲ್ಲದ ಕೊರಗ, ಯರವ ನುಡಿಗಳಿಗೆ ಅದು ಏನನ್ನೂ ತಾನಾಗಿ ಕೊಡುವುದಿಲ್ಲ. ಅಂಥ ಕಡೆ ಆಕಾಶವಾಣಿ, ಸಮುದಾಯ ಬಾನುಲಿಗಳು ಹೆಚ್ಚು ಕೆಲಸಕ್ಕೆ ಬರುತ್ತವೆ, ಕೇಳಲು ಅಕ್ಷರ ಬೇಡ. ಮಡಿಕೇರಿ ಆಕಾಶವಾಣಿಯ ಕೊಡವ, ಅರೆಭಾಷೆ ಕಾರ್ಯಕ್ರಮಗಳು, ಸರಗೂರಿನ ಜನಧ್ವನಿ ಬಾನುಲಿ ಇದಕ್ಕೆ ಉದಾಹರಣೆ. ಇನ್ನು ಯಾರಾದರೂ ಕಂಪನಿಯವರು ಧ್ವನಿ ಸಂಗ್ರಹಿಸಲು ಬಂದರೆ ಮೂರು ಪ್ರಶ್ನೆ ಕೇಳಿ: ಇದು ಯಾರ ಸೊತ್ತಾಗುತ್ತದೆ, ನಮಗೊಂದು ಪ್ರತಿ ಕೊಡುತ್ತೀರಾ, ಮಾತಾಡಿದವರಿಗೆ ಗಂಟೆಗೆ ಎಷ್ಟು ಕೊಡುತ್ತೀರಿ?

"ಅವರಿಗೇ ತಮ್ಮ ಭಾಷೆ ಬೇಡ ಅಂದ್ರೆ ನಾವೇನು ಮಾಡೋದು?"

ಬೇಡ ಎನ್ನುವುದರ ಹಿಂದೆ ಏನಿದೆ ಎಂದು ಮೊದಲು ತಿಳಿಯಬೇಕು. ಕೊರಗರನ್ನು ತಲೆತಲಾಂತರದಿಂದ, ಕೂದಲು, ಉಗುರು ಬೆರೆಸಿದ ಊಟ ತಿನ್ನಿಸುವಂಥ ಅಜಲು ಎಂಬ ಅಮಾನುಷ ಪದ್ಧತಿಗೆ ಒಡ್ಡಿದ್ದೆವು, ಅದನ್ನು ನಿಷೇಧಿಸುವ ಕಾನೂನು ಬಂದದ್ದು 2000ದಲ್ಲಿ. ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ಕೊರಗ ಭಾಷೆಯ ವ್ಯಾಕರಣವನ್ನು 1971ರಲ್ಲೇ ಪ್ರಕಟಿಸಿದ್ದರು. ಎಂದರೆ ಆ ಭಾಷೆಯ ಕ್ರಿಯಾಪದಗಳ ಲೆಕ್ಕ ಪುಸ್ತಕಕ್ಕೆ ಬಂದು ಸುಮಾರು ಮೂವತ್ತು ವರ್ಷದ ನಂತರ, ಅದನ್ನಾಡುವವರನ್ನು ಮನುಷ್ಯರಂತೆ ನಡೆಸಿಕೊಳ್ಳಬೇಕೆಂಬ ಕಾನೂನು. ಬಾಯಿ ತೆರೆದೊಡನೆ ಜಾತಿ ತಿಳಿದು ಅವಮಾನವಾಗುತ್ತದೆ ಎಂದಾದರೆ ಯಾವ ತಾಯಿ ಆ ಮಾತನ್ನು ಮಗುವಿಗೆ ಕೊಡುತ್ತಾಳೆ? ಅವಳು ತುಳು ಕೊಡುತ್ತಾಳೆ, ಕನ್ನಡ ಕೊಡುತ್ತಾಳೆ. ಅದು ಮಗುವನ್ನು ಕಾಪಾಡುವ ಕೆಲಸ. ಅವಳಿಗೆ ಭಾಷಾಭಿಮಾನದ ಪಾಠ ಹೇಳುವ ಹಕ್ಕು ನನಗಿಲ್ಲ.

ಹಾಗಾಗಿ ಅಂಥ ಕಡೆ ಭಾಷೆಯ ಕೆಲಸ ಭಾಷೆಯಿಂದ ಶುರುವಾಗುವುದಿಲ್ಲ. ಮನೆ ನಿವೇಶನ, ಹಾಸ್ಟೆಲ್, ರಕ್ತಹೀನತೆಗೆ ಔಷಧ, ಕೆಲಸ ಇವು ಅವರ ಪಟ್ಟಿಯಲ್ಲಿ ಮೇಲಿರುತ್ತವೆ. ಆ ಪಟ್ಟಿಯ ಕ್ರಮದಲ್ಲೇ ನಾವೂ ಹೋಗಬೇಕು. ಭಾಷೆಯ ಮಾತು ಮುಂದೆ ಬರಬಹುದು, ಬಾರದೆಯೂ ಇರಬಹುದು.

ಒಂದು ಹಾಡಿಯಲ್ಲಿ ಎರಡು ಗಂಟೆಯಷ್ಟು ಮಾತು, ಹಾಡು ರೆಕಾರ್ಡ್ ಮಾಡಿದ್ದೆವು. ಮುಂದಿನ ತಿಂಗಳು ಹೋದಾಗ ಹಿರಿಯರು ಕೂಡಿ ಕೂತಿದ್ದರು, "ಬೇಡ ಮೇಷ್ಟ್ರೇ, ಇದು ಸಾಕು" ಎಂದರು. ಕಾರಣ ಹೇಳಲಿಲ್ಲ, ನಾವೂ ಕೇಳಲಿಲ್ಲ. ರೆಕಾರ್ಡಿಂಗನ್ನೆಲ್ಲ ಒಂದು ಮೆಮೊರಿ ಕಾರ್ಡಿಗೆ ಹಾಕಿ ಅವರ ಕೈಗೆ ಕೊಟ್ಟು, ನಮ್ಮ ಕಂಪ್ಯೂಟರಿನಲ್ಲಿದ್ದುದನ್ನು ಅವರ ಮನೆಯ ಹುಡುಗನ ಮುಂದೆಯೇ ಅಳಿಸಿದೆವು. ಆ ವರ್ಷ ಉಳಿದಷ್ಟು ದಿನ ಅವರ ಜೊತೆ ಕೂತು ಅರಣ್ಯ ಹಕ್ಕಿನ ಅರ್ಜಿಗಳನ್ನು ತುಂಬಿದೆ.